ಮನೆ ಮಾರುವಾಗ ನಾವು ಮಾಡುವ ತಪ್ಪುಗಳು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ನಮ್ಮ ಹಿರಿಯರು ಹೇಳಿದ್ದಾರೆ. "ಮನೆ ಮಾರಿ ನೋಡು" ಎಂದು ಅವರು ಸೇರಿಸಲಿಲ್ಲ. ಅವರ ಕಾಲದಲ್ಲಿ ಹಳ್ಳಿಯಲ್ಲಿ ಮನೆ ಮಾರುವವರೇ ಕಡಿಮೆ. ಮನೆ ಎಂದರೆ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬರುವಂಥದು. ಇಂದು ಹಾಗಿಲ್ಲ. ಮಕ್ಕಳು ಸೊಲ್ಲಾಪುರ, ಪುಣೆ, ಕಲಬುರಗಿ, ಬೆಂಗಳೂರು ಎಂದು ನೌಕರಿಗೆ ಹೋಗಿದ್ದಾರೆ. ಊರ ಮನೆಗೆ ಬೀಗ ಬಿದ್ದಿದೆ, ಮಾಳಿಗೆಯ ಮೇಲೆ ಹುಲ್ಲು ಬೆಳೆದಿದೆ. "ಮಾರಿಬಿಡೋಣ" ಎಂಬ ಮಾತು ಒಂದಲ್ಲ ಒಂದು ದಿನ ಪ್ರತಿ ಮನೆಯಲ್ಲೂ ಬರುತ್ತದೆ.

ಮಾರುವುದು ತಪ್ಪಲ್ಲ. ಆದರೆ ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಡಿಗೆ ನೋಡಿ, ನಾಲ್ಕು ಜನರನ್ನು ಕೇಳುವ ನಾವು, ಜೀವಮಾನದ ಗಳಿಕೆಯಾದ ಮನೆಯನ್ನು ಒಂದು ಸಂಜೆಯ ಮಾತಿನಲ್ಲಿ ಕೊಟ್ಟುಬಿಡುತ್ತೇವೆ. ಮನೆ ಮಾರಿ ಕೆಟ್ಟವರನ್ನು ವಿಚಾರಿಸಿದರೆ, ಬೆಲೆ ಕಡಿಮೆಯಾಯಿತೆಂದು ಕೆಟ್ಟವರು ಸ್ವಲ್ಪ ಜನ. ಮನೆಯವರ ಒಪ್ಪಿಗೆ ಇಲ್ಲದೆ, ಕಾಗದ ಸರಿ ಇಲ್ಲದೆ, ಬರೆದದ್ದನ್ನು ಓದದೆ ಕೆಟ್ಟವರೇ ಹೆಚ್ಚು. ಆದ್ದರಿಂದ ಗಿರಾಕಿಯನ್ನು ಹುಡುಕುವ ಮೊದಲು ಮನೆಯವರನ್ನು ಕೂಡಿಸಬೇಕು, ಕಾಗದಗಳನ್ನು ಓದಿಸಬೇಕು. ಈ ಲೇಖನದ ಸಾರವೇ ಇದು.

ನಾಗಣಸೂರದಂಥ ಊರಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಸೊಲ್ಲಾಪುರದಿಂದ ವಾಡಿಗೆ ಹೋಗುವ ರೈಲು ದಾರಿಯ ಮೇಲಿರುವ ಈ ಊರಿನ ಮನೆಮಾತು ಕನ್ನಡ. ಆದರೆ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಕ್ಕಲಕೋಟ ತಾಲೂಕು ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರ ಮೇ 1ರಿಂದ ಮಹಾರಾಷ್ಟ್ರಕ್ಕೆ ಸೇರಿತು. ಹೀಗಾಗಿ ಮನೆಯಲ್ಲಿ ಆಡುವ ಮಾತು ಒಂದು, ಮನೆಯ ಕಾಗದದ ಮಾತು ಇನ್ನೊಂದು. ಕನ್ನಡ ಶಾಲೆಯಲ್ಲಿ ಕಲಿತ ರೈತ ಮರಾಠಿ ಖರೇದಿಖತಕ್ಕೆ ಸಹಿ ಹಾಕಬೇಕು. ತಂಗಿ ಆಳಂದದಲ್ಲಿ, ಅಕ್ಕ ಇಂಡಿಯಲ್ಲಿ; ಅವರ ಸಹಿ ಗಡಿ ದಾಟಿ ಬರಬೇಕು. ಇವನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಸಾಮಾನ್ಯವಾಗಿ ಆಗುವ ತಪ್ಪುಗಳನ್ನು ಒಂದೊಂದಾಗಿ ನೋಡೋಣ.

1. ಆಪತ್ತಿನ ಗಡಿಬಿಡಿಯಲ್ಲಿ ಮಾರುವುದು

ಹಳ್ಳಿಯಲ್ಲಿ ಮನೆ ಮಾರಾಟಕ್ಕೆ ಬರುವ ದೊಡ್ಡ ಕಾರಣ ಕಾಯಿಲೆ. ಹೃದಯದ ಶಸ್ತ್ರಕ್ರಿಯೆ, ಕ್ಯಾನ್ಸರ್, ಮೂತ್ರಪಿಂಡದ ರೋಗ ಎಂದ ಕೂಡಲೆ "ಮನೆ ಮಾರಿ ಜೀವ ಉಳಿಸಿಕೊಳ್ಳೋಣ" ಎನ್ನುತ್ತೇವೆ. ಎಂಟು ದಿನದಲ್ಲಿ ಹಣ ಬೇಕು ಎಂಬುದು ಗಿರಾಕಿಗೆ ತಿಳಿಯಿತೆಂದರೆ ಬೆಲೆ ಅವನ ಕೈಗೆ ಹೋಯಿತು.

ಅಂಥ ಹೊತ್ತಿನಲ್ಲಿ ಮೊದಲು ವಿಚಾರಿಸಬೇಕಾದದ್ದು ಸರಕಾರದ ಆರೋಗ್ಯ ಯೋಜನೆ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುವಂತೆ 2023ರ ಜುಲೈಯಲ್ಲಿ ಸರಕಾರ ಆದೇಶ ಹೊರಡಿಸಿತು. 70 ವರ್ಷ ದಾಟಿದ ಹಿರಿಯರಿಗೆ, ಅವರ ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ ಯೋಜನೆಯ ಲಾಭವನ್ನು 2024ರ ಅಕ್ಟೋಬರ್ 29ರಂದು ತೆರೆಯಲಾಯಿತು. ಗಡಿಯ ಈಚೆ ಇರುವವರಿಗೆ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆ ಇದೆ. ಎಲ್ಲ ಆಸ್ಪತ್ರೆಗಳಲ್ಲಿ, ಎಲ್ಲ ಕಾಯಿಲೆಗಳಿಗೆ ಇದು ಸಿಗುವುದಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆ, ಪಟ್ಟಿಯಲ್ಲಿರುವ ಚಿಕಿತ್ಸೆ ಆಗಬೇಕು. ಆಸ್ಪತ್ರೆಯ ಆರೋಗ್ಯಮಿತ್ರನನ್ನು ರೇಷನ್ ಕಾರ್ಡು, ಆಧಾರ ಕಾರ್ಡು ಹಿಡಿದು ಕೇಳಬೇಕು. ಕೇಳಲು ಒಂದು ದಿನ ಸಾಕು. ಆ ಒಂದು ದಿನ ಒಂದು ಮನೆಯನ್ನು ಉಳಿಸಬಹುದು.

ಮಾರಲೇಬೇಕಾದಾಗಲೂ ಹೊತ್ತು ನೋಡಬೇಕು. ಹಳ್ಳಿಯ ಮನೆ ಕೊಳ್ಳುವವನೂ ಬಹುಮಟ್ಟಿಗೆ ರೈತನೇ. ತೊಗರಿ, ಜೋಳ ಮಾರಿ, ಕಬ್ಬಿನ ಬಿಲ್ಲು ಬಂದ ಮೇಲೆ ಅವನ ಕೈಯಲ್ಲಿ ಹಣ ಓಡಾಡುತ್ತದೆ. ಬಿತ್ತನೆಯ ದಿನಗಳಲ್ಲಿ ಬೀಜ, ಗೊಬ್ಬರಕ್ಕೆ ಸಾಲ ಮಾಡುವವನು ಮನೆಗೆ ಒಳ್ಳೆಯ ಬೆಲೆ ಎಲ್ಲಿಂದ ಕೊಟ್ಟಾನು?

2. ಮನೆಯವರನ್ನು ಬಿಟ್ಟು ಗಿರಾಕಿಯ ಜೊತೆ ಮಾತು ಮುಗಿಸುವುದು

"ಮನೆ ನನ್ನ ಹೆಸರಿನಲ್ಲಿದೆ, ನಾನು ಮಾರುತ್ತೇನೆ" ಎಂದು ಹಿರಿಯಣ್ಣ ಹೇಳುತ್ತಾನೆ. ಪಂಚಾಯತಿಯಲ್ಲಿ ಅವನ ಹೆಸರು ಇರಬಹುದು. ಅಪ್ಪ ತೀರಿಕೊಂಡಾಗ ಯಾರಾದರೂ ಒಬ್ಬರ ಹೆಸರು ಹಚ್ಚಬೇಕಾಗಿತ್ತು, ಹಚ್ಚಿದರು. ಅಷ್ಟರಿಂದ ತಮ್ಮಂದಿರ, ಅಕ್ಕ-ತಂಗಿಯರ, ಅವ್ವನ ಪಾಲು ಅಳಿಸಿಹೋಗುವುದಿಲ್ಲ.

ಹಿಂದೂ ಕುಟುಂಬಗಳಲ್ಲಿ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕ್ರೈಸ್ತ ಕುಟುಂಬಗಳಿಗೆ ಬೇರೆ ಕಾಯಿದೆ ಇದೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ, ಮೃತ್ಯುಪತ್ರ ಬರೆಯದೆ ತಂದೆ ತೀರಿಕೊಂಡರೆ ಆಸ್ತಿಯ ಮೂರರಲ್ಲಿ ಒಂದು ಪಾಲು ತಾಯಿಗೆ. ಉಳಿದ ಎರಡು ಪಾಲು ಗಂಡು ಹೆಣ್ಣು ಎಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದರೆ ತಾಯಿಗೆ ಮೂರರಲ್ಲೊಂದು, ಪ್ರತಿ ಮಗುವಿಗೆ ಆರರಲ್ಲೊಂದು. ಕೇರಳದ ತಿರುವಾಂಕೂರು ಸೀಮೆಯ ಕ್ರೈಸ್ತ ಹೆಣ್ಣುಮಕ್ಕಳಿಗೂ ಇದೇ ಕಾಯಿದೆ ಅನ್ವಯಿಸುತ್ತದೆಂದು 1986ರಲ್ಲಿ ಮೇರಿ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಹಲವರು ಬಲ್ಲರು.

"ತಂಗಿಯ ಮದುವೆಗೆ ಖರ್ಚು ಮಾಡಿದ್ದೇವೆ, ಅವಳಿಗೆ ಇನ್ನೇನು ಪಾಲು?" ಎಂಬ ಮಾತು ಕಾಯಿದೆಯ ಮುಂದೆ ನಿಲ್ಲುವುದಿಲ್ಲ. ತಂಗಿ ಸ್ವಂತ ಮನಸ್ಸಿನಿಂದ ಪಾಲು ಬಿಟ್ಟುಕೊಡುವುದಾದರೆ ಹಕ್ಕಸೋಡಪತ್ರ ಬರೆದು ನೋಂದಣಿ ಮಾಡಿಸಬೇಕು. ಬಾಯಿಮಾತಿನ "ನನಗೇನೂ ಬೇಡ ಅಣ್ಣಾ" ಸಾಲದು. ಬಂದು ಸಹಿ ಮಾಡಲು ಆಗದಿದ್ದರೆ ಅವಳು ತಾನಿರುವ ಊರಿನ ಉಪನೋಂದಣಾಧಿಕಾರಿಯ ಎದುರಿನಲ್ಲೇ ಮುಖತ್ಯಾರಪತ್ರ ಮಾಡಿ ಪ್ರಮಾಣೀಕರಿಸಿಕೊಂಡು ಕಳಿಸಬೇಕು. ಆಳಂದದ ಮನೆಯಲ್ಲಿ ಕುಳಿತು ಸಹಿ ಹಾಕಿ ಬಸ್ಸಿನಲ್ಲಿ ಕಳಿಸಿದ ಕಾಗದ ಅಕ್ಕಲಕೋಟದ ನೋಂದಣಿಯಲ್ಲಿ ನಡೆಯುವುದಿಲ್ಲ.

ತೀರಿಕೊಂಡ ತಮ್ಮನ ಚಿಕ್ಕ ಮಕ್ಕಳ ಹೆಸರಿನಲ್ಲಿ ಪಾಲು ನಿಂತಿದ್ದರೆ ಇನ್ನೂ ಎಚ್ಚರ ಬೇಕು. ಅವರ ಆಸ್ತಿಯನ್ನು ಮಾರಲು ನ್ಯಾಯಾಲಯದ ಅನುಮತಿ ಪಡೆಯಬೇಕಾಗುತ್ತದೆ. ಅನುಮತಿ ಇಲ್ಲದ ಮಾರಾಟವನ್ನು ಆ ಮಕ್ಕಳು ದೊಡ್ಡವರಾದ ಮೇಲೆ ಪ್ರಶ್ನಿಸಬಹುದು.

ಒಬ್ಬನು ತನ್ನ ಪಾಲನ್ನಷ್ಟೇ ಮಾರುವುದಾದರೆ ಹೊರಗಿನವರಿಗಿಂತ ಮೊದಲು ಮನೆಯವರನ್ನು ಕೇಳುವುದು ಲೇಸು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 22ನೆಯ ಕಲಮು ಜೊತೆಯ ವಾರಸುದಾರರಿಗೆ ಮೊದಲು ಕೊಳ್ಳುವ ಹಕ್ಕು ಕೊಟ್ಟಿದೆ. ಕಾಯಿದೆಯ ಮಾತು ಹಾಗಿರಲಿ. ಒಂದೇ ಅಂಗಳದ ಅರ್ಧಕ್ಕೆ ಅಪರಿಚಿತರು ಬಂದು ಕುಳಿತರೆ ಉಳಿದರ್ಧದಲ್ಲಿ ಇರುವವರ ನೆಮ್ಮದಿ ಏನಾದೀತು ಎಂದು ಯೋಚಿಸಬೇಕು.

3. ಪಟ್ಟಿ ಕಟ್ಟಿದ ಪಾವತಿಯೇ ಹಕ್ಕಿನ ಕಾಗದವೆಂದು ನಂಬುವುದು

ಮನೆಪಟ್ಟಿ ಕಟ್ಟಿದ ಪಾವತಿ, ಗ್ರಾಮ ಪಂಚಾಯತಿಯ ನಮೂನಾ 8ರ ಉತಾರಾ, ಕರೆಂಟಿನ ಬಿಲ್ಲು – ಇವು ಮನೆಯಲ್ಲಿ ಯಾರು ಇದ್ದಾರೆ, ಕರ ಯಾರು ಕಟ್ಟುತ್ತಾರೆ ಎಂಬುದನ್ನು ತೋರಿಸುತ್ತವೆ. ಮನೆ ಯಾರದು ಎಂಬುದನ್ನು ಸಾಧಿಸಲು ಇಷ್ಟೇ ಸಾಲದು. ಮನೆ ಹೇಗೆ ಬಂತು ಎಂಬುದಕ್ಕೆ ಮೂಲ ಕಾಗದ ಬೇಕು: ಹಿಂದಿನ ಖರೇದಿಖತ, ವಾಟ್ನಿಪತ್ರ, ಬಕ್ಷೀಸಪತ್ರ ಇಲ್ಲವೆ ವಾರಸಾ ನೋಂದ.

ಹಳೆಯ ಟ್ರಂಕಿನಲ್ಲಿರುವ ಕೆಲವು ಕಾಗದಗಳು ಮೋಡಿ ಲಿಪಿಯಲ್ಲಿ ಇರುತ್ತವೆ. ಮನೆಯಲ್ಲಿ ಯಾರಿಗೂ ಓದಲು ಬರದೆಂದು ಅವನ್ನು ಎಸೆಯಬಾರದು. ಮೋಡಿ ಓದುವವರು ಸೊಲ್ಲಾಪುರ, ಪುಣೆಯಂಥ ಊರುಗಳಲ್ಲಿ ಸಿಗುತ್ತಾರೆ. ಅವರಿಂದ ದೇವನಾಗರಿಗೆ ಇಳಿಸಿಕೊಂಡು ಮೂಲವನ್ನೂ ಜೋಪಾನ ಮಾಡಬೇಕು.

ಗಾವಠಾಣದ ಮನೆಗಳಿಗೆ ಹೊಲದಂತೆ ಸಾತಬಾರಾ ಇಲ್ಲದ್ದರಿಂದ ಹಿಂದೆ ಬಹಳ ತೊಡಕಿತ್ತು. ಕೇಂದ್ರ ಸರಕಾರದ ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಆರಂಭವಾಯಿತು. ಡ್ರೋನ್ ಹಾರಿಸಿ ಊರೊಳಗಿನ ಮನೆ, ಬಯಲು ಅಳೆದು ಪ್ರತಿ ಮನೆಗೂ ಮಿಳಕತ ಪತ್ರಿಕೆ, ಅಂದರೆ ಪ್ರಾಪರ್ಟಿ ಕಾರ್ಡು ಕೊಡುವ ಯೋಜನೆ ಇದು. ಅದೇ ವರ್ಷ ಅಕ್ಟೋಬರ್ 11ರಂದು ಮೊದಲ ಕಾರ್ಡುಗಳನ್ನು ಹಂಚಿದಾಗ 763 ಹಳ್ಳಿಗಳಲ್ಲಿ 100 ಮಹಾರಾಷ್ಟ್ರದವು, 2 ಕರ್ನಾಟಕದವು. ನಿಮ್ಮ ಊರಿನ ಅಳತೆ ಮುಗಿದಿದ್ದರೆ ಮಾರುವ ಮೊದಲೇ ಕಾರ್ಡು ತೆಗೆಸಿ, ಹೆಸರು, ಅಳತೆ ಸರಿ ಇದೆಯೇ ಎಂದು ನೋಡಬೇಕು.

ಅಳತೆಯಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಕಾಗದದಲ್ಲಿ "ಮೂರು ಅಂಕಣದ ಮನೆ, ಮುಂದೆ ಬಯಲು" ಎಂದಷ್ಟೇ ಬರೆದಿರುತ್ತಾರೆ. ಪಂಚಾಯತಿಯಲ್ಲಿ ಚದರ ಅಡಿ, ಕಾರ್ಡಿನಲ್ಲಿ ಚದರ ಮೀಟರು. 100 ಚದರ ಮೀಟರು ಎಂದರೆ ಸುಮಾರು 1,076 ಚದರ ಅಡಿ. ಮೂರು ಕಾಗದದಲ್ಲಿ ಮೂರು ಅಳತೆ ಇದ್ದರೆ ಗಿರಾಕಿಯ ವಕೀಲ ಅಲ್ಲಿಯೇ ನಿಲ್ಲಿಸುತ್ತಾನೆ. ಚಕ್ಕುಬಂದಿಯನ್ನೂ ಇಂದಿನಂತೆ ಬರೆಸಬೇಕು. ಮೂಡಲಿಗೆ ಯಾರ ಮನೆ, ಪಡುವಲಿಗೆ ಯಾವ ಓಣಿ, ನಡುವಿನ ಗೋಡೆ ಒಬ್ಬರದೋ ಇಬ್ಬರದೋ, ಮಾಳಿಗೆಯ ನೀರು ಯಾರ ಅಂಗಳಕ್ಕೆ ಬೀಳುತ್ತದೆ, ಬಾವಿಗೆ ಹೋಗುವ ದಾರಿ ಯಾರದು – ಇವೆಲ್ಲ ಸಣ್ಣ ಮಾತುಗಳಂತೆ ಕಾಣುತ್ತವೆ. ಕೋರ್ಟಿನ ಮೆಟ್ಟಿಲು ಹತ್ತಿಸುವವೂ ಇವೇ.

4. ಹೊಲದ ಮನೆಯನ್ನು ಊರ ಮನೆಯಂತೆ ಮಾರಲು ಹೊರಡುವುದು

ಹಲವು ಕುಟುಂಬಗಳು ಹೊಲದಲ್ಲೇ ವಸ್ತಿ ಮಾಡಿವೆ. ಆ ಮನೆ ನಿಂತ ನೆಲ ಸಾತಬಾರಾದಲ್ಲಿ ಹೊಲವೇ. "ಮನೆ ಮತ್ತು ಅದರ ಸುತ್ತ ಎರಡು ಗುಂಟೆ ಕೊಡುತ್ತೇನೆ" ಎಂದು ಒಪ್ಪಂದ ಮಾಡಿ ಹಣ ತೆಗೆದುಕೊಂಡ ಮೇಲೆ ನೋಂದಣಿ ಆಗುವುದಿಲ್ಲವೆಂದು ತಿಳಿದರೆ ಏನು ಗತಿ? 1947ರ ತುಕಡೇಬಂದಿ ಕಾಯಿದೆ ಹೊಲವನ್ನು ಗೊತ್ತಾದ ಅಳತೆಗಿಂತ ಚಿಕ್ಕ ತುಂಡುಗಳಾಗಿ ಮಾರುವುದನ್ನು ತಡೆಯುತ್ತದೆ. ಇದರ ನಿಯಮಗಳು ಈಚಿನ ವರ್ಷಗಳಲ್ಲಿ ಹಲವು ಸಲ ಬದಲಾಗಿವೆ. ಅದಲ್ಲದೆ ಮಹಾರಾಷ್ಟ್ರದ ಕುಳ ಕಾಯಿದೆಯಂತೆ ಹೊಲವನ್ನು ರೈತನಲ್ಲದವನು ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಆದ್ದರಿಂದ ಹೊಲದ ಮನೆ ಮಾರುವವರು ಸಂಚಕಾರ ಮುಟ್ಟುವ ಮೊದಲೇ ತಹಸೀಲ ಕಚೇರಿಯಲ್ಲಿ ವಿಚಾರಿಸಬೇಕು. ಸಾತಬಾರಾದ ಮೇಲೆ ಸೊಸೈಟಿಯ ಅಥವಾ ಬ್ಯಾಂಕಿನ ಬೋಜಾ ಇದ್ದರೆ ಅದನ್ನು ತೀರಿಸಿ, ಬೇಬಾಕಿ ದಾಖಲೆ ಪಡೆದು, ಬೋಜಾ ಕಡಿಮೆ ಮಾಡಿಸಬೇಕು.

5. ಕೇಳಿದ ಸುದ್ದಿಯ ಮೇಲೆ ಬೆಲೆ ಕಟ್ಟುವುದು

ಅಕ್ಕಲಕೋಟ ಯಾತ್ರಾಸ್ಥಳ. ಸ್ವಾಮಿ ಸಮರ್ಥರ ದರ್ಶನಕ್ಕೆ ದಿನವೂ ಜನ ಬರುತ್ತಾರೆ. ಗುಡಿಯ ಸುತ್ತಲ ಜಾಗಕ್ಕೆ ಬರುವ ಬೆಲೆ ಕೇಳಿ ಹಳ್ಳಿಯ ಮನೆಗೂ ಅದನ್ನೇ ಹೇಳಿದರೆ ಗಿರಾಕಿ ತಿರುಗಿ ನೋಡುವುದಿಲ್ಲ. ಸೂರತ–ಚೆನ್ನೈ ಹೆದ್ದಾರಿಯ ಯೋಜನೆಯಲ್ಲಿ ಅಕ್ಕಲಕೋಟ ತಾಲೂಕಿನ ಹೊಲಗಳೂ ಸೇರಿದ ಮೇಲೆ "ರಸ್ತೆ ಬರುತ್ತದೆ, ಬೆಲೆ ಹತ್ತು ಪಟ್ಟು ಆಗುತ್ತದೆ" ಎನ್ನುವ ದಲಾಲರೂ, "ರಸ್ತೆಗೆ ಹೋಗುತ್ತದೆ, ಈಗಲೇ ಬಂದಷ್ಟಕ್ಕೆ ಕೊಡು" ಎನ್ನುವ ದಲಾಲರೂ ಹುಟ್ಟಿಕೊಂಡಿದ್ದಾರೆ. ಇಬ್ಬರ ಮಾತಿಗೂ ಕಾಗದದ ಆಧಾರ ಕೇಳಬೇಕು.

ಬೆಲೆ ತಿಳಿಯಲು ಎರಡು ದಾರಿಗಳಿವೆ. ಒಂದು, ಸರಕಾರದ ರೆಡಿ ರೆಕನರ್ ದರ. ಅದು ಸ್ಟಾಂಪು ಶುಲ್ಕ ಕಟ್ಟಲು ಮಾಡಿದ ದರ, ಪೇಟೆಯ ಬೆಲೆ ಅಲ್ಲ. ಆದರೂ ಒಂದು ಅಂದಾಜು ಸಿಗುತ್ತದೆ. ಎರಡು, ಹತ್ತಿರದಲ್ಲಿ ಈಚೆಗೆ ಮಾರಾಟವಾದ ಮನೆಗಳ ಸೂಚಿ 2, ಅಂದರೆ ಇಂಡೆಕ್ಸ್ ಟು. ನೋಂದಣಿ ಇಲಾಖೆಯಲ್ಲಿ ಅದನ್ನು ಹುಡುಕಿ ನೋಡಬಹುದು. ಇವೆರಡನ್ನೂ ನೋಡಿ, ಊರಿನಲ್ಲಿ ಮೂವರನ್ನು ಕೇಳಿ, ಆಮೇಲೆ ಬೆಲೆ ಹೇಳಬೇಕು.

ಮಾರುವ ಮನೆಗೆ ಲಕ್ಷ ಖರ್ಚು ಮಾಡಿ ಬಣ್ಣ, ಟೈಲ್ಸ್ ಹಾಕಿಸುವವರೂ ಇದ್ದಾರೆ. ಕೊಳ್ಳುವವನು ಅದನ್ನು ಒಡೆದು ಹೊಸದು ಕಟ್ಟುವವನಾದರೆ ಆ ಹಣ ಹೋಯಿತು. ಸೋರುವಲ್ಲಿ ಮುಚ್ಚಿ, ಸುಣ್ಣ ಹಚ್ಚಿ, ಕಸ ತೆಗೆದರೆ ಸಾಕು.

6. ಮನೆಯ ದೋಷವನ್ನು ಮುಚ್ಚಿಡುವುದು

ಕೊಳ್ಳುವವನು ಸಾಮಾನ್ಯವಾಗಿ ನೋಡಿ ತಿಳಿಯಲಾಗದ ದೋಷ ಮಾರುವವನಿಗೆ ಗೊತ್ತಿದ್ದರೆ ಅದನ್ನು ಹೇಳಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆ ವಿಧಿಸುತ್ತದೆ. ಕಾಯಿದೆಗಿಂತ ದೊಡ್ಡದು ಮನುಷ್ಯ ಜೀವ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪ ಲಾತೂರ ಮತ್ತು ಅಂದಿನ ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸಾವಿರಾರು ಜನರನ್ನು ಮಲಗಿದಲ್ಲೇ ಕೊಂದಿತು. ಕೊಂದದ್ದು ಕಲ್ಲು ಮಣ್ಣಿನ ದಪ್ಪ ಗೋಡೆ ಮತ್ತು ಮೇಲೆ ವರ್ಷವರ್ಷ ಹೇರಿದ ಮಣ್ಣಿನ ಭಾರ. ನಮ್ಮ ಸೀಮೆಯ ಹಳೆಯ ಮಾಳಿಗೆ ಮನೆಗಳೂ ಅದೇ ಜಾತಿಯವು. 2020ರ ಅಕ್ಟೋಬರಿನ ಅತಿವೃಷ್ಟಿಯಲ್ಲಿ ಬೋರಿ ನದಿಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ನೀರು ಕುಡಿದ ಮಣ್ಣಿನ ಗೋಡೆ ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಸಡಿಲವಾಗಿರುತ್ತದೆ. ಬಿರುಕಿಗೆ ಗಿಲಾಯಿ ಬಳಿದು ಮಾರುವುದು ಪಾಪದ ಕೆಲಸ.

ಇನ್ನೊಂದು ಹಗೇವು. ಜೋಳ ತುಂಬಿಡಲು ಅಂಗಳದಲ್ಲೋ ಮನೆಯ ಮುಂದೋ ತೋಡಿದ ಹಗೇವನ್ನು ನಾವು ಈಗ ಬಳಸುವುದಿಲ್ಲ. ಮೇಲೆ ಕಲ್ಲು ಮುಚ್ಚಿ, ಮಣ್ಣು ಎಳೆದು ಮರೆತಿದ್ದೇವೆ. ಮನೆ ಕೊಂಡವನಿಗೆ ಅದು ಗೊತ್ತಿಲ್ಲ. ಅವನ ಟ್ರ್ಯಾಕ್ಟರು ಅದರ ಮೇಲೆ ಹೋದರೆ ಕುಸಿಯುತ್ತದೆ. ಮಕ್ಕಳು ಆಡುವಾಗ ಕಲ್ಲು ಸರಿದರೆ ಬೀಳುತ್ತಾರೆ. ಅದಕ್ಕಿಂತ ಅಪಾಯ ಒಳಗಿನ ಗಾಳಿ. ಮುಚ್ಚಿದ ಹಗೇವಿನಲ್ಲಿ ಕಾಳು ಆಮ್ಲಜನಕವನ್ನು ಎಳೆದುಕೊಂಡು ಇಂಗಾಲಾಮ್ಲವನ್ನು ಬಿಡುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂಡುತ್ತದೆ. ಇಳಿದವನು ಉಸಿರುಗಟ್ಟಿ ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಆದ್ದರಿಂದ ಮಾರುವ ಮೊದಲು ಹಗೇವನ್ನು ಒಳಗೆ ಇಳಿಯದೆ ಮೇಲಿನಿಂದಲೇ ಗರಸು ತುಂಬಿ ಮುಚ್ಚಿಸಿ. ಇಲ್ಲವೆ ಇರುವ ಜಾಗವನ್ನು ತೋರಿಸಿ, ಖತದಲ್ಲಿ ಬರೆಸಿ. ಹಾಳುಬಿದ್ದ ಬಾವಿ, ಪಾಯಖಾನೆಯ ಗುಂಡಿಗೂ ಇದೇ ಮಾತು.

ಮನೆ ಖಾಲಿ ಮಾಡುವಾಗ ಅಟ್ಟ, ಕಾಳಿನ ಕೋಣೆ, ದನದ ಕೊಟ್ಟಿಗೆಯ ಗೂಡುಗಳನ್ನು ನೋಡಿ. ಅರ್ಧ ಉಳಿದ ಕೀಟನಾಶಕದ ಬಾಟಲಿ, ಇಲಿ ಪಾಷಾಣ, ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಬಿಟ್ಟು ಹೋಗಬಾರದು. ಈ ಗುಳಿಗೆಗೆ ತೇವ ತಗುಲಿದರೆ ವಿಷದ ಅನಿಲ ಹೊರಡುತ್ತದೆ. ಹೊಸದಾಗಿ ಬರುವ ಮನೆಯಲ್ಲಿ ಚಿಕ್ಕ ಮಕ್ಕಳಿರುತ್ತಾರೆ. ಇವುಗಳನ್ನು ಬಾವಿಗೆ, ಹಳ್ಳಕ್ಕೆ ಚೆಲ್ಲುವುದಾಗಲಿ ಸುಡುವುದಾಗಲಿ ಕೂಡದು. ಕೃಷಿ ಸಹಾಯಕನನ್ನು ಕೇಳಿ ಅವನು ಹೇಳಿದಂತೆ ಮಾಡಿ. ಖಾಲಿ ಡಬ್ಬಿಗಳಿಗೆ ತೂತು ಹೊಡೆಯಿರಿ. ಯಾರೂ ನೀರಿಗೆ ಬಳಸಬಾರದು.

7. ಓದದೆ ಸಹಿ, ಹಣ ಮುಟ್ಟುವ ಮೊದಲು ಕೀಲಿಕೈ

"ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು" ಎಂಬ ಗಾದೆ ಮನೆ ಮಾರುವವರಿಗೇ ಹೇಳಿದಂತಿದೆ. ಚಹಾ ಕುಡಿದು, ಸಂಚಕಾರವೆಂದು ಸಾವಿರದ ಒಂದು ರೂಪಾಯಿ ಹಿಡಿದು, ಬಾಯಿಮಾತಿನಲ್ಲಿ ವ್ಯವಹಾರ ಮುಗಿಸುತ್ತೇವೆ. ಮಿಕ್ಕ ಹಣ ಯಾವಾಗ? ಗಿರಾಕಿ ಹಿಂದೆಗೆದರೆ ಸಂಚಕಾರ ಯಾರದು? ನಾವು ಹಿಂದೆಗೆದರೆ? ಬಾಗಿಲು, ತೊಲೆ, ಗೋದಲಿ, ಕರೆಂಟಿನ ಮೀಟರು ಮನೆಯ ಜೊತೆಗೋ ಬೇರೆಯೋ? ಇದನ್ನೆಲ್ಲ ಸಾಠೇಖತದಲ್ಲಿ ದಿನಾಂಕ ಹಾಕಿ ಬರೆಯಬೇಕು. ಸಾಠೇಖತ ಎಂದರೆ ಮುಂದೆ ಮಾರುತ್ತೇನೆಂಬ ಕರಾರು ಮಾತ್ರ. ಒಡೆತನ ದಾಟುವುದು ನೋಂದಣಿಯಾದ ಖರೇದಿಖತದಿಂದ. ಬರೀ ಮುಖತ್ಯಾರಪತ್ರದ ಮೇಲೆ ಮನೆ ಮಾರಿದರೆ ಒಡೆತನ ದಾಟುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಕಾಗದ ಮರಾಠಿಯಲ್ಲಿ ಇದ್ದರೆ, ನಿಮ್ಮ ನಂಬುಗೆಯ ಒಬ್ಬರಿಂದ – ಗಿರಾಕಿಯ ಕಡೆಯವರಿಂದ ಅಲ್ಲ – ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. "ಇದನ್ನು ಮಾರುವವರಿಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ, ಅವರು ತಿಳಿದುಕೊಂಡು ಸಹಿ ಮಾಡಿದ್ದಾರೆ" ಎಂದು ಕೊನೆಗೆ ಬರೆಸಿ, ಓದಿ ಹೇಳಿದವರ ಸಹಿಯನ್ನೂ ಹಾಕಿಸಿ. ಹೆಬ್ಬೆಟ್ಟು ಒತ್ತುವ ಅವ್ವನಿಗೆ ಇದು ಇನ್ನೂ ಅಗತ್ಯ. ನೋಂದಣಿಯ ಹಿಂದಿನ ದಿನವೇ ಕರಡು ಪ್ರತಿ ಕೇಳಿ ಪಡೆಯಿರಿ. ಕಚೇರಿಯ ಕಟ್ಟೆಯ ಮೇಲೆ, ಸರದಿಯ ಗದ್ದಲದಲ್ಲಿ ಕುಳಿತು ಓದುವುದಾಗುವುದಿಲ್ಲ.

ಹಣದ ಮಾತು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ಹಣವನ್ನು ರೊಕ್ಕವಾಗಿ ತೆಗೆದುಕೊಳ್ಳುವುದನ್ನು 2015ರ ಜೂನ್ 1ರಿಂದ ಆದಾಯ ತೆರಿಗೆ ಕಾಯಿದೆ ನಿಷೇಧಿಸಿದೆ. ತೆಗೆದುಕೊಂಡಷ್ಟೇ ದಂಡ ಬೀಳಬಹುದು. ಬ್ಯಾಂಕಿನ ಮೂಲಕವೇ ಪಡೆದು ಡಿಡಿ ನಂಬರು, ತಾರೀಖು ಖತದಲ್ಲಿ ಬರೆಸಿ. "ಖತದಲ್ಲಿ ಕಡಿಮೆ ಬರೆಯೋಣ, ಉಳಿದದ್ದು ಕೈಗೆ" ಎಂದರೆ ಒಪ್ಪಬೇಡಿ. ಉಳಿದದ್ದು ಕೈಗೆ ಬಾರದಿದ್ದರೆ ಯಾವ ಕೋರ್ಟಿನಲ್ಲಿ ಏನೆಂದು ಹೇಳುತ್ತೀರಿ?

"ಪೂರ್ಣ ಹಣ ಮುಟ್ಟಿತು" ಎಂದು ಬರೆದುಕೊಟ್ಟು ಮುಂದಿನ ತಿಂಗಳ ಚೆಕ್ಕು ಹಿಡಿದು ಬರುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅದರಷ್ಟೇ ದೊಡ್ಡದು ಅರ್ಧ ಹಣಕ್ಕೆ ಕೀಲಿಕೈ ಕೊಡುವುದು. ನೋಂದಣಿಯಾದ ಸಾಠೇಖತದ ಮೇಲೆ ಒಳಗೆ ಬಂದು ಕುಳಿತ ಗಿರಾಕಿ ಕರಾರಿನಂತೆ ನಡೆಯಲು ಸಿದ್ಧನಿದ್ದೇನೆ ಎಂದರೆ ಅವನನ್ನು ಹೊರಗೆ ಹಾಕುವುದು ಸುಲಭವಲ್ಲ. ಹಣ ಖಾತೆಗೆ ಬಿದ್ದ ಮೇಲೆ ಸಹಿ, ಸಹಿಯಾದ ಮೇಲೆ ಕೀಲಿಕೈ. ಈ ಕ್ರಮ ತಪ್ಪಬಾರದು, ಗಿರಾಕಿ ಬೀಗನೇ ಆಗಿದ್ದರೂ.

8. ಮಾರಿದ ಮೇಲೆ ಕೆಲಸ ಮುಗಿಯಿತೆಂದು ತಿಳಿಯುವುದು

"ರೈತನಿಗೆ ತೆರಿಗೆ ಇಲ್ಲ" ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಪಟ್ಟಣದಿಂದ ದೂರದ ಹಳ್ಳಿಯ ಹೊಲ ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ ನಿಜ. ಆದರೆ ಮನೆ ಹೊಲವಲ್ಲ. ಲಾಭವಾಗಿದ್ದರೆ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಮನೆಗೆ 2024ರ ಜುಲೈ 23ರಿಂದ ಲಾಭದ ಮೇಲೆ ಶೇಕಡಾ 12.5 ದರವಿದೆ. ಅದಕ್ಕಿಂತ ಮೊದಲು ಪಡೆದ ಮನೆಗೆ ಹಳೆಯ ರೀತಿಯ ಲೆಕ್ಕ ಕಡಿಮೆ ಬಂದರೆ ಅದರಂತೆ ಕಟ್ಟಲು ಅವಕಾಶವಿದೆ. ಅಪ್ಪನ ಕಾಲದ ಮನೆಯಾದರೆ 2001ರ ಏಪ್ರಿಲ್ 1ರ ಬೆಲೆಯನ್ನು ಮೂಲಬೆಲೆಯಾಗಿ ಹಿಡಿಯಬಹುದು. ಎರಡು ವರ್ಷದಲ್ಲಿ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದಲ್ಲಿ ಕಟ್ಟಿಸಿದರೆ ವಿನಾಯಿತಿ ಸಿಗುತ್ತದೆ. ಒಬ್ಬ ತೆರಿಗೆ ಸಲಹೆಗಾರನನ್ನು ಮಾರುವ ಮೊದಲೇ ಕೇಳಬೇಕು, ನೋಟೀಸು ಬಂದ ಮೇಲೆ ಅಲ್ಲ.

ಪಂಚಾಯತಿಯ ನಮೂನಾ 8, ಪ್ರಾಪರ್ಟಿ ಕಾರ್ಡು, ಮಹಾವಿತರಣದ ಮೀಟರು, ನಳ – ಎಲ್ಲದರಲ್ಲೂ ಕೊಂಡವನ ಹೆಸರು ಏರಿದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಬಾಕಿಯ ಚೀಟಿ ನಿಮ್ಮ ಹೆಸರಿಗೇ ಬರುತ್ತದೆ. ಖರೇದಿಖತದ ಒಂದು ಪ್ರತಿ, ಸೂಚಿ 2ರ ಒಂದು ಪ್ರತಿ ಮನೆಯಲ್ಲಿರಲಿ.

ಬಂದ ಹಣ ಒಂದು ವರ್ಷದಲ್ಲಿ ಕರಗಬಾರದು. ಹೆಚ್ಚು ಬಡ್ಡಿಯ ಆಸೆಗೆ ಎಲ್ಲವನ್ನೂ ಒಂದೇ ಕಡೆ ಇಡಬೇಡಿ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆ ಇರುವಂತೆ 2020ರ ಫೆಬ್ರುವರಿ 4ರಿಂದ ಮಿತಿ ಏರಿತು. ಪತಸಂಸ್ಥೆಗಳ ಠೇವಣಿಗೆ ಈ ವಿಮೆ ಇಲ್ಲ.

9. ಹಿರಿಯರು ಎಲ್ಲಿ ಮಲಗುತ್ತಾರೆ ಎಂದು ಕೇಳದಿರುವುದು

ಮಕ್ಕಳು ಹಣ ಹಂಚಿಕೊಳ್ಳುತ್ತಾರೆ. ಅವ್ವ ಮೂರು ತಿಂಗಳು ಹಿರಿಯ ಮಗನಲ್ಲಿ, ಮೂರು ತಿಂಗಳು ಕಿರಿಯನಲ್ಲಿ ಎಂದು ಮಾತಾಗುತ್ತದೆ. ಎಪ್ಪತ್ತು ವರ್ಷ ಅಂಗಳದಲ್ಲಿ ಓಡಾಡಿದ ಜೀವ ಪಟ್ಟಣದ ಮೂರನೆಯ ಮಹಡಿಯಲ್ಲಿ ಮಂಚದ ಮೇಲೆ ಕುಳಿತುಬಿಡುತ್ತದೆ. ನಡೆದಾಟ ನಿಂತರೆ ಕಾಲು ಬೀಳುತ್ತದೆ. ಮಾತಿಗೆ ಜನವಿಲ್ಲದೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ. ಗುರುತಿಲ್ಲದ ಮನೆಯಲ್ಲಿ ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವವರೂ ಇದ್ದಾರೆ.

ಆದ್ದರಿಂದ ಮಾರುವ ಮಾತು ಏಳುವಾಗಲೇ ಹಿರಿಯರನ್ನು ಎದುರಿಗೆ ಕೂಡಿಸಿಕೊಂಡು ಕೇಳಿ. ಅವರ ಪಾಲಿನ ಹಣ ಅವರ ಹೆಸರಿನ ಖಾತೆಯಲ್ಲೇ ಇರಲಿ. ಮಕ್ಕಳಿಗೆ ಮನೆಯನ್ನು ಬಕ್ಷೀಸು ಬರೆದುಕೊಡುವ ಹಿರಿಯರು "ನನ್ನ ಊಟ, ಔಷಧ, ಇರುವಿಕೆ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯಿದೆಯಂತೆ ಆ ಪತ್ರವನ್ನು ರದ್ದುಗೊಳಿಸಲು ಅರ್ಜಿ ಹಾಕಬಹುದು.

ಕತ್ತರಿಸಿ ಇಟ್ಟುಕೊಳ್ಳಿ

ಗಿರಾಕಿಗೆ ಹೇಳುವ ಮೊದಲು ಇಷ್ಟನ್ನು ನೋಡಿಕೊಳ್ಳಿ:

– ಎಲ್ಲ ವಾರಸುದಾರರ ಪಟ್ಟಿ ಬರೆದಿದ್ದೀರಾ? ಹೆಣ್ಣುಮಕ್ಕಳ ಒಪ್ಪಿಗೆ ಕಾಗದದಲ್ಲಿದೆಯೇ?
– ಮೂಲ ಕಾಗದ, ನಮೂನಾ 8, ಪ್ರಾಪರ್ಟಿ ಕಾರ್ಡು – ಮೂರರಲ್ಲೂ ಹೆಸರು, ಅಳತೆ ಒಂದೇ ಇವೆಯೇ?
– ಬೋಜಾ, ಮನೆಪಟ್ಟಿ, ಕರೆಂಟಿನ ಬಾಕಿ ತೀರಿದೆಯೇ?
– ಹಗೇವು, ಬಾವಿ, ಬಿರುಕು, ವಿಷದ ಡಬ್ಬಿ ನೋಡಿದಿರಾ?
– ಸಾಠೇಖತದ ಕರಡನ್ನು ನಿಮ್ಮವರೇ ಕನ್ನಡದಲ್ಲಿ ಓದಿ ಹೇಳಿದರೇ?
– ಹಣ ಬ್ಯಾಂಕಿನ ಮೂಲಕವೇ? ಪೂರ್ತಿ ಬಿದ್ದ ಮೇಲೆಯೇ ಸಹಿ, ಕೀಲಿಕೈ?
– ಹಿರಿಯರು ಎಲ್ಲಿ ಇರುತ್ತಾರೆ ಎಂದು ಅವರನ್ನೇ ಕೇಳಿದಿರಾ?

ಇವುಗಳಲ್ಲಿ ಒಂದಕ್ಕೆ "ಇಲ್ಲ" ಎಂಬ ಉತ್ತರ ಬಂದರೂ ಮಾರಾಟವನ್ನು ಒಂದು ತಿಂಗಳು ಮುಂದೂಡಿ. ಖರೆ ಗಿರಾಕಿ ಕಾಯುತ್ತಾನೆ. ಕಾಯಲು ಒಪ್ಪದ ಗಿರಾಕಿ ಹೋದರೆ ಹೋಗಲಿ. ಮನೆ ಎಲ್ಲಿಯೂ ಓಡಿಹೋಗುವುದಿಲ್ಲ. ವಕೀಲರಿಗೆ ಕೊಡುವ ಕೆಲವು ಸಾವಿರ ರೂಪಾಯಿ ದುಬಾರಿ ಎನಿಸಿದರೆ, ತಾಲೂಕು ಕೋರ್ಟಿನಲ್ಲಿರುವ ವಿಧಿ ಸೇವಾ ಸಮಿತಿಯನ್ನು ಕೇಳಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಬಿಟ್ಟಿಯಾಗಿ ಸಲಹೆ ದೊರೆಯುತ್ತದೆ.

ಮನೆ ಮಾರಿದ ಹಣ ಹತ್ತು ವರ್ಷದಲ್ಲಿ ಖರ್ಚಾಗಬಹುದು. ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು ಒಬ್ಬರ ಮನೆಗೊಬ್ಬರು ಹೋಗಿ ಬರುವ ದಾರಿ ಅದಕ್ಕಿಂತ ಬಹಳ ಕಾಲ ಬೇಕು. ಆ ದಾರಿ ಮುಚ್ಚದಂತೆ ಮಾರುವುದೇ ಸರಿಯಾಗಿ ಮಾರುವುದು.